ಕತ್ತಲೆ ಇರುವುದು ಧೂಳಿನಲ್ಲಲ್ಲ

1995ರ ಸುಮಾರಿಗೆ ಅಮೆರಿಕದ ಎಷ್ಟೋ ಮನೆಗಳಲ್ಲಿ ನಡೆದ ದೃಶ್ಯವಿದು. ಟಿವಿ ಮುಂದೆ ಮಕ್ಕಳು ಚಕ್ಕಂಬಟ್ಟಲ ಹಾಕಿ ಕೂತಿದ್ದಾರೆ. ವಿಸಿಆರ್‌ನಲ್ಲಿ ‘ದಿ ಲಯನ್ ಕಿಂಗ್’ ಓಡುತ್ತಿದೆ. ಬೆಳೆದ ಸಿಂಬಾ ಬೇಸರದಿಂದ ಬಂಡೆಯಂಚಿನಲ್ಲಿ ದೊಪ್ಪನೆ ಮೈಚೆಲ್ಲುತ್ತಾನೆ. ಆ ರಭಸಕ್ಕೆ ಧೂಳೂ ಎಲೆಚೂರೂ ಎದ್ದು ರಾತ್ರಿಯ ಆಕಾಶಕ್ಕೆ ತೇಲುತ್ತವೆ. ಅಷ್ಟರಲ್ಲಿ ಮನೆಯ ಹಿರಿಯರೊಬ್ಬರು ರಿಮೋಟ್ ಒತ್ತಿ ಚಿತ್ರ ನಿಲ್ಲಿಸುತ್ತಾರೆ. ತುಸು ಹಿಂದಕ್ಕೆ, ತುಸು ಮುಂದಕ್ಕೆ ಓಡಿಸುತ್ತಾರೆ. ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಕಣ್ಣು ಕಿರಿದು ಮಾಡುತ್ತಾರೆ. ಆ ಧೂಳಿನಲ್ಲಿ ‘ಸೆಕ್ಸ್’ ಎಂಬ ಇಂಗ್ಲಿಷ್ ಪದದ ಮೂರು ಅಕ್ಷರಗಳಿವೆ ಎಂದು ಯಾರೋ ಹೇಳಿದ್ದರು. ಹೇಳಿಸಿಕೊಂಡ ಮೇಲೆ ಕಾಣಿಸತೊಡಗಿತು. ಅಮೆರಿಕನ್ ಲೈಫ್ ಲೀಗ್ ಎಂಬ ಕ್ಯಾಥೊಲಿಕ್ ಸಂಘಟನೆ ಇದನ್ನೇ ಹಿಡಿದು ಡಿಸ್ನಿ ಕಂಪನಿಯ ವಿರುದ್ಧ ಬಹಿಷ್ಕಾರಕ್ಕೆ ಕರೆ ಕೊಟ್ಟಿತು.

ಆ ಅನುಮಾನಕ್ಕೆ ಈಗ ಮೂವತ್ತು ವರ್ಷ. ವಿಸಿಆರ್ ಹೋಯಿತು, ಕ್ಯಾಸೆಟ್ ಹೋಯಿತು, ಅನುಮಾನ ಮಾತ್ರ ಉಳಿಯಿತು. ಕೆಂಪು ವೃತ್ತ ಎಳೆದ ವಿಡಿಯೊಗಳಾಗಿ, ‘ಮಕ್ಕಳಿಗೆ ತೋರಿಸುವ ಮುನ್ನ ಇದನ್ನು ಓದಿ’ ಎಂಬ ಫಾರ್ವರ್ಡ್‌ಗಳಾಗಿ ಅದು ನಮ್ಮ ಫೋನುಗಳಿಗೂ ಬರುತ್ತದೆ. ಓದಿದ ತಂದೆತಾಯಿಯರಿಗೆ ದಿಗಿಲಾಗುವುದು ಸಹಜ. ಆ ದಿಗಿಲನ್ನು ಹಗುರಾಗಿ ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಮಕ್ಕಳ ಅನಿಮೇಷನ್ ಚಿತ್ರಗಳಿಗೆ ಕತ್ತಲೆಯ ಮಗ್ಗುಲೊಂದು ಖಂಡಿತ ಇದೆ. ಆದರೆ ಅದು ಬಚ್ಚಿಟ್ಟ ಅಕ್ಷರಗಳಲ್ಲಿ ಇಲ್ಲ. ಪರದೆಯ ಮೇಲೆ ಎಲ್ಲರ ಕಣ್ಣೆದುರಿಗೇ, ಸಾಕಷ್ಟು ಬೆಳಕಿನಲ್ಲೇ ಇದೆ. ಬಚ್ಚಿಟ್ಟದ್ದನ್ನು ಹುಡುಕುವ ಭರದಲ್ಲಿ ಎದುರಿಗಿದ್ದದ್ದನ್ನು ನೋಡುವುದೇ ನಿಂತುಹೋಗಿದೆ.

ನಿಲ್ಲಿಸಿ ನೋಡುವ ಕಣ್ಣು

ಥಿಯೇಟರಿನಲ್ಲಿ ಸಿನಿಮಾ ಯಾರಿಗಾಗಿಯೂ ನಿಲ್ಲುವುದಿಲ್ಲ. ಸೆಕೆಂಡಿಗೆ 24 ಫ್ರೇಮುಗಳು ಸರಿದುಹೋಗುತ್ತವೆ, ಕಣ್ಣಿಗೆ ಉಳಿಯುವುದು ಚಲನೆ ಮಾತ್ರ. ವಿಡಿಯೊ ಕ್ಯಾಸೆಟ್ ಮನೆಗೆ ಬಂದಾಗ ಈ ನಿಯಮ ಮುರಿಯಿತು. ಒಂದೇ ಚಿತ್ರವನ್ನು ಮಕ್ಕಳು ದಿನಕ್ಕೆರಡು ಬಾರಿ ನೋಡತೊಡಗಿದರು, ದೊಡ್ಡವರಿಗೆ ಬೇಕಾದಲ್ಲಿ ನಿಲ್ಲಿಸುವ ಅಧಿಕಾರ ಸಿಕ್ಕಿತು. ಡಿಸ್ನಿ ವದಂತಿಗಳೆಲ್ಲ ಹುಟ್ಟಿದ್ದು ಇದೇ ಕಾಲದಲ್ಲಿ. ‘ದಿ ಲಿಟಲ್ ಮರ್ಮೇಡ್’ ಕ್ಯಾಸೆಟ್ಟಿನ ಹೊದಿಕೆಯ ಮೇಲಿನ ಚಿನ್ನದ ಅರಮನೆಯಲ್ಲಿ ಒಂದು ಗೋಪುರ ಪುರುಷಾಂಗದಂತಿದೆ ಎಂದರು. ಅದೇ ಚಿತ್ರದ ಮದುವೆಯ ದೃಶ್ಯದಲ್ಲಿ ಪಾದ್ರಿಯ ನಿಲುವಂಗಿ ಉಬ್ಬಿದೆ ಎಂದರು. ಮುಂದಿನ ಕೆಲವು ಫ್ರೇಮು ನೋಡಿದರೆ ಅದು ಅವನ ಮೊಣಕಾಲು. ‘ಅಲ್ಲಾದ್ದೀನ್’ ಚಿತ್ರದ ಬಾಲ್ಕನಿ ದೃಶ್ಯದಲ್ಲಿ ನಾಯಕ ಪಿಸುದನಿಯಲ್ಲಿ ಹದಿಹರೆಯದವರಿಗೆ ಬಟ್ಟೆ ಬಿಚ್ಚಲು ಹೇಳುತ್ತಾನೆ ಎಂದರು. ಎದುರಿಗೆ ಗುರ್ರೆನ್ನುತ್ತಿದ್ದ ಹುಲಿಗೆ ‘ಹೋಗು’ ಎನ್ನುವ ಮಾತು ಅದು ಎಂದು ಡಿಸ್ನಿ ಸಮಜಾಯಿಷಿ ಕೊಟ್ಟಿತು. ಧೂಳಿನ ಅಕ್ಷರಗಳ ಬಗ್ಗೆ ಡಿಸ್ನಿಯಲ್ಲಿ ದುಡಿದ ಅನಿಮೇಟರ್ ಟಾಮ್ ಸಿಟೊ ಕೊಟ್ಟ ವಿವರಣೆಯೂ ಇದೆ. ಅದು ‘ಎಸ್‌ಎಫ್‌ಎಕ್ಸ್’, ಅಂದರೆ ಸ್ಪೆಷಲ್ ಎಫೆಕ್ಟ್ಸ್ ವಿಭಾಗದವರು ಬಿಟ್ಟ ತಮ್ಮ ರುಜು.

ಮೋಡದಲ್ಲಿ ಆನೆ ಕಾಣುವ ಕಣ್ಣೇ ಧೂಳಿನಲ್ಲಿ ಅಕ್ಷರವನ್ನೂ ಕಾಣುತ್ತದೆ. ಕಿವಿಯದ್ದೂ ಅದೇ ಕತೆ. ಇಂಥ ಮಾತು ಕೇಳಿಸುತ್ತದೆ ಎಂದು ಮೊದಲೇ ಹೇಳಿಬಿಟ್ಟರೆ, ಅಸ್ಪಷ್ಟ ಪಿಸುಮಾತಿನಲ್ಲಿ ಅದೇ ಕೇಳಿಸುತ್ತದೆ. ಆದರೆ ಅನುಮಾನ ಇಷ್ಟಕ್ಕೇ ನಿಂತಿರಲಿಲ್ಲ. ಕಣ್ಣಿಗೆ ಬೀಳದಷ್ಟು ವೇಗವಾಗಿ ತೋರಿಸಿದ ಸಂದೇಶ ನೇರವಾಗಿ ಒಳಮನಸ್ಸಿಗೆ ಇಳಿದು ನಡವಳಿಕೆಯನ್ನೇ ಬದಲಿಸುತ್ತದೆ ಎಂಬ ನಂಬಿಕೆ ಅದರ ಬೆನ್ನಿಗಿತ್ತು. ಈ ನಂಬಿಕೆಯನ್ನು ಮನೆಮಾತು ಮಾಡಿದವನು ಜೇಮ್ಸ್ ವಿಕರಿ ಎಂಬ ಮಾರುಕಟ್ಟೆ ಸಂಶೋಧಕ. ನ್ಯೂಜೆರ್ಸಿಯ ಫೋರ್ಟ್ ಲೀ ಊರಿನ ಥಿಯೇಟರಿನಲ್ಲಿ ಸಿನಿಮಾದ ನಡುವೆ ಕ್ಷಣಾರ್ಧದಲ್ಲಿ ಸಂದೇಶ ಮಿಂಚಿಸಿ ಪಾಪ್‌ಕಾರ್ನ್ ಮಾರಾಟವನ್ನು ಶೇ 57.8ರಷ್ಟು, ಕೋಕಾ ಕೋಲಾ ಮಾರಾಟವನ್ನು ಶೇ 18.1ರಷ್ಟು ಹೆಚ್ಚಿಸಿದೆ ಎಂದು 1957ರಲ್ಲಿ ಅವನು ಹೇಳಿಕೊಂಡ. ಜಗತ್ತೇ ಬೆಚ್ಚಿತು. ಐದು ವರ್ಷದ ಬಳಿಕ, 1962ರಲ್ಲಿ, ತನ್ನ ಬಳಿ ಇದ್ದ ಮಾಹಿತಿ ಯಾವುದಕ್ಕೂ ಸಾಲುವಂಥದ್ದಲ್ಲ ಎಂದು ಅವನೇ ಒಪ್ಪಿಕೊಂಡ. ಸುಳ್ಳು ಓಡಿದಷ್ಟು ದೂರ ಆ ಒಪ್ಪಿಗೆ ಓಡಲಿಲ್ಲ. ಪ್ರಯೋಗಾಲಯಗಳಲ್ಲಿ ಆ ಮೇಲೆ ಕಂಡ ಪರಿಣಾಮಗಳು ಸಣ್ಣವು, ಬೇಗ ಕರಗುವಂಥವು. ಅರಿವಿಗೇ ಬಾರದ ಒಂದು ಫ್ರೇಮು ಮಗುವಿನ ಗುಣ ಕೆಡಿಸುತ್ತದೆ ಎನ್ನಲು ಅವುಗಳಲ್ಲಿ ಆಧಾರವಿಲ್ಲ.

ಒಂದು ಬಾರಿ ನಿಜವಾದಾಗ

ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಕೇಳುವವರ ಕೈಯಲ್ಲಿ ಗಟ್ಟಿ ಸಾಕ್ಷಿಯೊಂದಿದೆ. 1977ರ ‘ದಿ ರೆಸ್ಕ್ಯೂವರ್ಸ್’ ಚಿತ್ರದಲ್ಲಿ ಬಿಯಾಂಕಾ, ಬರ್ನಾರ್ಡ್ ಎಂಬ ಎರಡು ಇಲಿಗಳು ಆರ್ವಿಲ್ ಎಂಬ ಕಡಲಹಕ್ಕಿಯ ಬೆನ್ನ ಮೇಲೆ ಹಾರುತ್ತವೆ. ಕೂರಲು ಮೀನಿನ ಖಾಲಿ ಡಬ್ಬಿಯೇ ಆಸನ. ಹಕ್ಕಿ ನ್ಯೂಯಾರ್ಕಿನ ಕಟ್ಟಡಗಳ ನಡುವೆ ನುಗ್ಗುವಾಗ ಹಿನ್ನೆಲೆಯ ಕಿಟಕಿಯೊಂದರಲ್ಲಿ ಎದೆ ತೆರೆದ ಹೆಂಗಸಿನ ಫೋಟೊ ಇದೆ. ಇದು ಕಲ್ಪನೆಯಲ್ಲ. ಲಕ್ಷಕ್ಕೂ ಮಿಕ್ಕ ಫ್ರೇಮುಗಳ ಚಿತ್ರದಲ್ಲಿ ಎರಡೇ ಎರಡು ಫ್ರೇಮು, ಅವೂ ಪಕ್ಕಪಕ್ಕದವಲ್ಲ. 1999ರ ಜನವರಿಯಲ್ಲಿ ಡಿಸ್ನಿ ತಾನಾಗಿಯೇ ಇದನ್ನು ಒಪ್ಪಿಕೊಂಡು ಸುಮಾರು 34 ಲಕ್ಷ ಕ್ಯಾಸೆಟ್‌ಗಳನ್ನು ವಾಪಸ್ ಕರೆಸಿತು. ಚಿತ್ರ ತಯಾರಾದ ಕಾಲದಲ್ಲೇ ಯಾರೋ ಸೇರಿಸಿದ್ದು ಎಂದಿತು.

ಈ ಪ್ರಕರಣ ಏನನ್ನು ಸಾಬೀತು ಮಾಡುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ಸ್ಟುಡಿಯೊ ಒಳಗೆ ಯಾರೋ ಒಬ್ಬರು ಮಕ್ಕಳ ಚಿತ್ರಕ್ಕೆ ಹೊಂದದ ಕಿತಾಪತಿ ಮಾಡಿದರು ಎಂಬುದು ನಿಜ, ಅದು ತಪ್ಪೂ ಹೌದು. ಆದರೆ ಚಿತ್ರ ಓಡುವಾಗ ಕಣ್ಣಿಗೆ ಬೀಳದಿದ್ದ ಆ ಫೋಟೊ ಕಾಣಿಸಿದ್ದು ಒಂದೊಂದೇ ಫ್ರೇಮು ನಿಲ್ಲಿಸಿ ನೋಡುವ ಯಂತ್ರ ಬಂದ ಮೇಲೆ. ಅದರಿಂದ ಯಾವ ಮಗುವೂ ಕೆಡಲಿಲ್ಲ, ಯಾರಿಗೂ ಲಾಭವಾಗಲಿಲ್ಲ. ಪಿತೂರಿ ಎನ್ನಲು ಉದ್ದೇಶ ಬೇಕು, ಫಲ ಬೇಕು. ಇಲ್ಲಿ ಎರಡೂ ಇಲ್ಲ. ಇನ್ನೊಂದು ಮಾತು: ಆ ಎರಡು ಫ್ರೇಮುಗಳಿಗಾಗಿ ಕಂಪನಿ ಲಕ್ಷಾಂತರ ಕ್ಯಾಸೆಟ್ ವಾಪಸ್ ಪಡೆಯಿತು. ಇಡೀ ಹಾಡು, ಇಡೀ ಕತೆ, ಇಡೀ ಪಾತ್ರವೇ ಆಕ್ಷೇಪಾರ್ಹವಾಗಿದ್ದ ಕಡೆ ಅಂಥ ತುರ್ತು ಕಾಣಿಸಲಿಲ್ಲ.

ಸಿಂಹದ ಹಾಡು ಯಾರದ್ದು

‘ಲಯನ್ ಕಿಂಗ್’ ಚಿತ್ರಕ್ಕೇ ಮರಳೋಣ. ಧೂಳಿನ ದೃಶ್ಯವಾದ ತುಸು ಹೊತ್ತಿಗೆ ಟಿಮಾನ್, ಪುಂಬಾ ಎಂಬ ಗೆಳೆಯರು ಕಾಡಿನಲ್ಲಿ ನಡೆಯುತ್ತ ಸಿಂಹ ಮಲಗಿರುವ ಹಾಡೊಂದನ್ನು ಗುನುಗುತ್ತಾರೆ. ಆ ರಾಗದ ಹಿಂದೆ ದಕ್ಷಿಣ ಆಫ್ರಿಕಾದ ಜುಲು ಹಾಡುಗಾರ ಸಾಲೊಮನ್ ಲಿಂಡಾ ಇದ್ದಾನೆ. 1939ರಲ್ಲಿ ಜೊಹಾನ್ಸ್‌ಬರ್ಗಿನ ಗ್ಯಾಲೊ ಸ್ಟುಡಿಯೊದಲ್ಲಿ ತನ್ನ ‘ಈವ್ನಿಂಗ್ ಬರ್ಡ್ಸ್’ ತಂಡದೊಂದಿಗೆ ಅವನು ‘ಎಂಬೂಬೆ’ ಎಂಬ ಹಾಡನ್ನು ಮುದ್ರಿಸಿದ. ಹಾಡು ಸಾಗರ ದಾಟಿತು. 1950ರ ದಶಕದಲ್ಲಿ ಪೀಟ್ ಸೀಗರ್ ಅವರ ‘ದಿ ವೀವರ್ಸ್’ ತಂಡ ಅದನ್ನು ಹಾಡಿತು. 1961ರಲ್ಲಿ ‘ದಿ ಟೋಕನ್ಸ್’ ತಂಡ ಅದಕ್ಕೆ ಇಂಗ್ಲಿಷ್ ಮಾತು ಕೂಡಿಸಿ ಹಾಡಿದಾಗ ಅಮೆರಿಕದಲ್ಲಿ ಅಗ್ರಸ್ಥಾನಕ್ಕೇರಿತು. ಮೂಲ ಹಾಡಿನ ಹಕ್ಕನ್ನು ಲಿಂಡಾ ಹತ್ತು ಶಿಲ್ಲಿಂಗಿಗೆ ಬರೆದುಕೊಟ್ಟಿದ್ದ. 1962ರಲ್ಲಿ ಅವನು ಬಡತನದಲ್ಲೇ ತೀರಿಕೊಂಡ. ಸಮಾಧಿಗೆ ಕಲ್ಲು ಹಾಕಿಸುವಷ್ಟು ಹಣವೂ ಮನೆಯಲ್ಲಿರಲಿಲ್ಲ.

2000ನೇ ಇಸವಿಯಲ್ಲಿ ಪತ್ರಕರ್ತ ರಿಯಾನ್ ಮಲಾನ್ ಈ ಕತೆಯನ್ನು ಬಯಲಿಗೆ ತಂದರು. 2004ರಲ್ಲಿ ಲಿಂಡಾನ ಹೆಣ್ಣುಮಕ್ಕಳ ಪರವಾಗಿ ದಕ್ಷಿಣ ಆಫ್ರಿಕಾದಲ್ಲಿ ಡಿಸ್ನಿ ಮೇಲೆ ದಾವೆ ಹೂಡಲಾಯಿತು. ವಕೀಲರು ಹಿಡಿದದ್ದು ಬ್ರಿಟಿಷ್ ಸಾಮ್ರಾಜ್ಯದ ಕಾಲದ 1911ರ ಕೃತಿಸ್ವಾಮ್ಯ ಕಾಯ್ದೆಯ ಒಂದು ಎಳೆಯನ್ನು. ಕರ್ತೃ ಸತ್ತ 25 ವರ್ಷಗಳ ನಂತರ ಹಕ್ಕು ವಾರಸುದಾರರಿಗೆ ಹಿಂದಿರುಗಬೇಕು ಎಂದು ಅದು ಹೇಳುತ್ತಿತ್ತು. ಹಾಗಾದರೆ 1987ರಿಂದಾಚೆಗೆ ಹಕ್ಕು ಆ ಕುಟುಂಬದ್ದು. 2006ರಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿದು ಕುಟುಂಬಕ್ಕೆ ಪರಿಹಾರ ದೊರೆಯಿತು. ಡಿಸ್ನಿ ಹಾಡನ್ನು ಕದಿಯಲಿಲ್ಲ, ಹಕ್ಕು ಹೊಂದಿದ್ದ ಅಮೆರಿಕದ ಪ್ರಕಾಶಕರಿಂದ ಅನುಮತಿ ಪಡೆದೇ ಬಳಸಿತ್ತು ಎಂಬುದನ್ನೂ ಹೇಳಬೇಕು. ಅನ್ಯಾಯ ಇರುವುದೇ ಅಲ್ಲಿ. ಎಲ್ಲ ಕಾಗದಪತ್ರವೂ ಸರಿಯಾಗಿದ್ದು, ಹಾಡು ಕಟ್ಟಿದವನ ಮಕ್ಕಳು ಮಾತ್ರ ಬರಿಗೈಯಲ್ಲಿ ಇದ್ದರು. ಇದನ್ನು ತಿಳಿಯಲು ಯಾವ ಫ್ರೇಮನ್ನೂ ನಿಲ್ಲಿಸಬೇಕಿರಲಿಲ್ಲ. ಹಾಡು ಎಲ್ಲರ ಕಿವಿಗೂ ಬೀಳುತ್ತಿತ್ತು.

ದನಿ ಕೊಟ್ಟು ಕಾಲು ಪಡೆದವಳು

‘ಲಿಟಲ್ ಮರ್ಮೇಡ್’ ಹೊದಿಕೆಯ ಗೋಪುರದ ಬಗ್ಗೆ ಎದ್ದ ಗದ್ದಲದಲ್ಲಿ ಕತೆಯ ಬಗ್ಗೆ ಕೇಳಬೇಕಾದ ಪ್ರಶ್ನೆ ಮರೆತುಹೋಯಿತು. ಏರಿಯಲ್ ಎಂಬ ಹದಿನಾರರ ಹುಡುಗಿ, ಒಮ್ಮೆ ಕಂಡ ರಾಜಕುಮಾರನಿಗಾಗಿ ತನ್ನ ದನಿಯನ್ನು ಒತ್ತೆಯಿಟ್ಟು ಕಾಲು ಪಡೆಯುತ್ತಾಳೆ. ಗಂಡಸರು ಮಾತಾಡುವ ಹೆಣ್ಣನ್ನು ಮೆಚ್ಚುವುದಿಲ್ಲ ಎಂದು ಮಾಟಗಾತಿ ಅವಳನ್ನು ಒಪ್ಪಿಸುತ್ತಾಳೆ. ಆ ಮಾತು ಖಳನಾಯಕಿಯದ್ದು, ಚಿತ್ರ ಅದನ್ನು ಒಪ್ಪುವುದಿಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ಚಿತ್ರ ತನ್ನ ಮಾತುಗಳನ್ನು ಯಾರಿಗೆ ಹಂಚಿತು ಎಂದು ನೋಡಿದರೆ ಆ ಸಮರ್ಥನೆ ತೆಳುವಾಗುತ್ತದೆ. ಕಾರ್ಮೆನ್ ಫಾಟ್, ಕ್ಯಾರೆನ್ ಐಸನ್‌ಹವರ್ ಎಂಬ ಭಾಷಾಶಾಸ್ತ್ರಜ್ಞೆಯರು ಡಿಸ್ನಿ ರಾಜಕುಮಾರಿಯರ ಚಿತ್ರಗಳ ಸಂಭಾಷಣೆಯನ್ನು ಎಣಿಸಿದರು. ಅವರ ಲೆಕ್ಕ 2016ರಲ್ಲಿ ಸುದ್ದಿಯಾಯಿತು. 1937ರ ‘ಸ್ನೋ ವೈಟ್’ ಚಿತ್ರದಲ್ಲಿ ಗಂಡು, ಹೆಣ್ಣು ಪಾತ್ರಗಳ ಮಾತು ಹೆಚ್ಚುಕಡಿಮೆ ಸಮಸಮ. 1989ರ ‘ಲಿಟಲ್ ಮರ್ಮೇಡ್’ ಹೊತ್ತಿಗೆ ಶೇ 68 ಮಾತು ಗಂಡು ಪಾತ್ರಗಳದ್ದು. ‘ಅಲ್ಲಾದ್ದೀನ್’ ಚಿತ್ರದಲ್ಲಿ ಶೇ 90. ಹೂಣರ ಎದುರು ಸೈನ್ಯ ಸೇರಿ ಹೋರಾಡಿದ ಹುಡುಗಿಯ ಕತೆಯಾದ ‘ಮುಲಾನ್’ ಚಿತ್ರದಲ್ಲೂ ಶೇ 77. ನಾಯಕಿಯೊಬ್ಬಳ ಸುತ್ತ ಅಂಗಡಿಯವರು, ಕಾವಲುಗಾರರು, ಮಾತಾಡುವ ಪ್ರಾಣಿಗಳು, ಎಲ್ಲರೂ ಗಂಡಸರೇ. ಯಾರೂ ಹುನ್ನಾರ ಮಾಡಿ ಹೀಗೆ ಬರೆಯಲಿಲ್ಲ. ಹಾಗೆ ಬರೆಯುವುದೇ ಅಭ್ಯಾಸವಾಗಿತ್ತು. ಒಂದೇ ಚಿತ್ರವನ್ನು ನೂರು ಬಾರಿ ನೋಡುವ ಐದು ವರ್ಷದ ಹುಡುಗಿಯ ಮೇಲೆ ಯಾವುದರ ಗುರುತು ಉಳಿದೀತು? ಹೊದಿಕೆಯ ಗೋಪುರದ್ದೋ, ಹೆಣ್ಣುದನಿ ಅಪರೂಪವಾದ ಆ ಲೋಕದ್ದೋ?

ತಂಬಾಕಿನದ್ದೂ ಇಂಥದೇ ಸಂಗತಿ. 1937ರಿಂದ 1997ರವರೆಗಿನ 50 ಮಕ್ಕಳ ಅನಿಮೇಷನ್ ಚಿತ್ರಗಳನ್ನು ನೋಡಿದ ಅಧ್ಯಯನವೊಂದು 34ರಲ್ಲಿ ತಂಬಾಕು ಇಲ್ಲವೇ ಮದ್ಯ ಸೇವನೆಯ ದೃಶ್ಯ ಕಂಡು 1999ರಲ್ಲಿ ಪ್ರಕಟಿಸಿತು. ತನ್ನ ಹೊಸ ಮಕ್ಕಳ ಚಿತ್ರಗಳಲ್ಲಿ ಧೂಮಪಾನ ತೋರಿಸುವುದಿಲ್ಲ ಎಂದು ಡಿಸ್ನಿ ಹೇಳಿದ್ದು 2015ರಲ್ಲಿ.

ಸೇರಿಸಿದ್ದಲ್ಲ, ಅಳಿಸಿದ್ದು

ಬಚ್ಚಿಟ್ಟದ್ದು ಏನೂ ಇಲ್ಲವೇ ಎಂದರೆ, ಇದೆ. ಅದು ವದಂತಿ ಹೇಳುವುದಕ್ಕೆ ತದ್ವಿರುದ್ಧ. 1940ರ ‘ಫ್ಯಾಂಟೇಸಿಯ’ ಚಿತ್ರದಲ್ಲಿ ಬೇಥೋವನ್ ಸಂಗೀತಕ್ಕೆ ಅರ್ಧ ಮನುಷ್ಯ, ಅರ್ಧ ಕುದುರೆಯಾದ ಚೆಲುವೆಯರು ಸಿಂಗರಿಸಿಕೊಳ್ಳುವ ಭಾಗವಿದೆ. ಮೂಲ ಪ್ರತಿಯಲ್ಲಿ ಅವರ ನಡುವೆ ಸನ್‌ಫ್ಲವರ್ ಎಂಬ ಪುಟ್ಟ ಕರಿಯ ಹುಡುಗಿ ಇದ್ದಳು. ಉಳಿದವರ ಕೆಳಮೈ ಕುದುರೆಯದಾದರೆ ಇವಳದು ಕತ್ತೆಯದು. ಬಿಳಿಯ ಚೆಲುವೆಯ ಗೊರಸು ಉಜ್ಜಿ ಹೊಳಪು ಕೊಡುವುದು ಅವಳ ಕೆಲಸ. 1960ರ ದಶಕದ ಕೊನೆಯಲ್ಲಿ ಅವಳು ಕಾಣುವ ಭಾಗಗಳನ್ನು ಕತ್ತರಿಸಲಾಯಿತು, ಮುಂದಿನ ಆವೃತ್ತಿಗಳಲ್ಲಿ ಚಿತ್ರವನ್ನೇ ಹಿಗ್ಗಿಸಿ ಅವಳನ್ನು ಅಂಚಿನಾಚೆ ತಳ್ಳಲಾಯಿತು. 1941ರ ‘ಡಂಬೊ’ ಚಿತ್ರದಲ್ಲಿ ಸುರಿವ ಮಳೆಯಲ್ಲಿ ಸರ್ಕಸ್ಸಿನ ಡೇರೆ ಎತ್ತುವ ಕರಿಯ ಕೂಲಿಗಳಿಗೆ ಮುಖವನ್ನೇ ಬಿಡಿಸಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಡಿಸ್ನಿ ಸ್ಟುಡಿಯೊದ ಕಲಾವಿದರು ಸಂಘ ಕಟ್ಟುವ ಹಕ್ಕಿಗಾಗಿ ಮುಷ್ಕರ ಹೂಡಿದ್ದರು. ಚಿತ್ರದಲ್ಲಿ ಕುಡಿದು ತೂರಾಡುತ್ತ ಯಜಮಾನನ ಬಳಿ ಸಂಬಳ ಹೆಚ್ಚಿಸಲು ಕೇಳುತ್ತೇವೆ ಎನ್ನುವ ಜೋಕರುಗಳು ಆ ಮುಷ್ಕರದವರ ಅಣಕ ಎಂದು ಅನಿಮೇಷನ್ ಇತಿಹಾಸ ಬಲ್ಲವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ.

ಆ ಕಾಲ ಹಾಗಿತ್ತು, ಇಂದಿನ ಅಳತೆಗೋಲು ಹಿಡಿಯಬಾರದು ಎಂಬ ಆಕ್ಷೇಪಣೆ ಸಾಮಾನ್ಯ. ಆದರೆ ಆ ಕಾಲದಲ್ಲೂ ನೋಡಿ ನೊಂದವರಿದ್ದರು. 1946ರಲ್ಲಿ ‘ಸಾಂಗ್ ಆಫ್ ದಿ ಸೌತ್’ ಬಂದಾಗ ಅಮೆರಿಕದ ಕರಿಯರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಆಗಲೇ ಆಕ್ಷೇಪ ಎತ್ತಿತ್ತು. ‘ಅಲ್ಲಾದ್ದೀನ್’ ಆರಂಭದ ಹಾಡಿನಲ್ಲಿ ಅರಬರ ನಾಡನ್ನು ಕಿವಿ ಕತ್ತರಿಸುವ ಕ್ರೂರರ ನಾಡೆಂದು ಚಿತ್ರಿಸಿದ್ದಕ್ಕೆ ಅರಬ್ ಅಮೆರಿಕನ್ನರು ಪ್ರತಿಭಟಿಸಿದ್ದರಿಂದ 1993ರ ಕ್ಯಾಸೆಟ್ಟಿನಲ್ಲಿ ಸಾಲು ಬದಲಾಯಿತು. ಪಿಸುಮಾತಿನ ವದಂತಿಗಿಂತ ಮೊದಲೇ, ಗಟ್ಟಿಯಾಗಿ ಹಾಡಿದ್ದನ್ನು ಕೇಳಿ ಎದ್ದ ದೂರು ಅದು. ಇಂಥ ದೂರುಗಳೇ ಚಿತ್ರಗಳನ್ನು ಒಂದಿಷ್ಟಾದರೂ ತಿದ್ದಿವೆ. ಧೂಳಿನ ಅಕ್ಷರ ಹುಡುಕಿದವರಿಂದ ಯಾವ ಕತೆಯೂ ಉತ್ತಮವಾಗಲಿಲ್ಲ.

ಸಾವು ಕತ್ತಲೆಯೇ?

ಇನ್ನೊಂದು ಬಗೆಯ ಆತಂಕವೂ ಇದೆ. ಬ್ಯಾಂಬಿಯ ತಾಯಿ ಗುಂಡಿಗೆ ಬಲಿಯಾಗುತ್ತಾಳೆ, ಸಿಂಬಾನ ತಂದೆ ಪ್ರಾಣಿಗಳ ಕಾಲ್ತುಳಿತಕ್ಕೆ ಸಿಕ್ಕಿ ಸಾಯುತ್ತಾನೆ. 1937ರಿಂದ 2013ರ ತನಕದ 45 ಅನಿಮೇಷನ್ ಚಿತ್ರಗಳನ್ನು ದೊಡ್ಡವರ ಚಿತ್ರಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂತು. ಮುಖ್ಯ ಪಾತ್ರ ಸಾಯುವ ಸಾಧ್ಯತೆ ಮಕ್ಕಳ ಚಿತ್ರಗಳಲ್ಲೇ ಎರಡೂವರೆ ಪಟ್ಟು ಹೆಚ್ಚು ಎಂದು ಅದು ಕಂಡಿತು. ಅಂಕಿ ಬೆಚ್ಚಿಸುತ್ತದೆ, ಆದರೂ ಇದನ್ನು ಕರಾಳ ಮುಖ ಎನ್ನಲಾಗದು. ಕನ್ನಡದ ಮಕ್ಕಳು ತಲೆಮಾರುಗಳಿಂದ ಪುಣ್ಯಕೋಟಿಯ ಕತೆ ಕೇಳಿ ಅತ್ತಿದ್ದಾರೆ. ಸಾಯಲು ಹೊರಟ ತಾಯಿ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವ ಘಟ್ಟ, ಕೊನೆಗೆ ಹುಲಿ ತಾನೇ ಪ್ರಾಣ ಬಿಡುವ ಘಟ್ಟ, ಎರಡನ್ನೂ ಯಾರೂ ಮಕ್ಕಳಿಂದ ಮರೆಮಾಡಲಿಲ್ಲ. ದೊಡ್ಡವರ ಮಗ್ಗುಲಲ್ಲಿ ಕೂತು ಕೇಳಿದ ದುಃಖ ಮಗುವಿಗೆ ಪೆಟ್ಟಲ್ಲ. ಮೂರು ವರ್ಷದವರಿಗೆ ತೋರಿಸಬೇಕೆ, ಆರು ವರ್ಷದವರಿಗೆ ತೋರಿಸಬೇಕೆ ಎಂಬುದು ಬೇರೆ ವಿಚಾರ, ಅದು ಮನೆಯವರಿಗೇ ಚೆನ್ನಾಗಿ ಗೊತ್ತು.

ಹಾಗೆಯೇ, ಕತ್ತಲೆ ಇಲ್ಲದ ಕಡೆ ಅದನ್ನು ತುಂಬುವುದರಿಂದ ಆಗುವ ಕೇಡನ್ನು ಜಪಾನಿನ ‘ಮೈ ನೇಬರ್ ಟೊಟೊರೊ’ ತೋರಿಸುತ್ತದೆ. ಹಯಾವೊ ಮಿಯಾಜಾಕಿಯವರ ಈ 1988ರ ಚಿತ್ರದಲ್ಲಿ ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಅಕ್ಕತಂಗಿಯರು ಕಾಡಿನ ದೈವವೊಂದರ ಗೆಳೆತನ ಮಾಡುತ್ತಾರೆ. ಆ ಹುಡುಗಿಯರು ನಿಜಕ್ಕೂ ಸತ್ತಿದ್ದಾರೆ, ಕೊನೆಯ ದೃಶ್ಯಗಳಲ್ಲಿ ಅವರಿಗೆ ನೆರಳಿಲ್ಲ, ಟೊಟೊರೊ ಸಾವಿನ ದೇವತೆ, ಇಡೀ ಚಿತ್ರ 1963ರಲ್ಲಿ ಸಾಯಾಮಾದಲ್ಲಿ ನಡೆದ ಹದಿಹರೆಯದ ಹುಡುಗಿಯ ಕೊಲೆಯ ಕತೆ ಎಂಬ ವದಂತಿ ಹಬ್ಬಿತು. ಸ್ಟುಡಿಯೊ ಘಿಬ್ಲಿ 2007ರಲ್ಲಿ ಇದನ್ನು ಸ್ಪಷ್ಟವಾಗಿ ಅಲ್ಲಗಳೆಯಿತು. ನೆರಳು ಬಿಡಿಸದಿದ್ದದ್ದು ಅಲ್ಲಿ ಬೇಕೆನಿಸದ ಕಾರಣಕ್ಕೆ. ಒಬ್ಬ ಹುಡುಗಿಯ ಕೊಲೆಯನ್ನು ಬಿಡಿಸುವ ಒಗಟಾಗಿ ಮಾಡಿಕೊಳ್ಳುವುದು ಆ ಹುಡುಗಿಗೂ ಅವಳ ಮನೆಯವರಿಗೂ ಮಾಡುವ ಅಪಚಾರ.

ತಾನಾಗಿ ಬರುವ ಮುಂದಿನ ವಿಡಿಯೊ

ಅನುಮಾನಪಡಬೇಕಾದ ಜಾಗ ಇಂದು ಬೇರೆಯದೇ. 2017ರಲ್ಲಿ ‘ಎಲ್ಸಾಗೇಟ್’ ಹೆಸರಿನಲ್ಲಿ ಹೊರಬಂದ ಸಂಗತಿಯಲ್ಲಿ ವದಂತಿಯ ಪಾಲಿಲ್ಲ. ‘ಫ್ರೋಜನ್’ ಚಿತ್ರದ ಎಲ್ಸಾ, ಸ್ಪೈಡರ್‌ಮ್ಯಾನ್, ಪೆಪ್ಪಾ ಪಿಗ್ ಪಾತ್ರಗಳನ್ನು ಅನುಮತಿಯಿಲ್ಲದೆ ಬಳಸಿ ಸೂಜಿ ಚುಚ್ಚುವ, ಹಿಂಸೆ ಕೊಡುವ, ಕಟ್ಟಿಹಾಕುವ ವಿಡಿಯೊಗಳು ಯೂಟ್ಯೂಬಿನಲ್ಲಿ ರಾಶಿರಾಶಿಯಾಗಿದ್ದವು, ಕೆಲವು ಮಕ್ಕಳ ಆ್ಯಪಿಗೂ ನುಸುಳಿದ್ದವು. ಬರಹಗಾರ ಜೇಮ್ಸ್ ಬ್ರೈಡಲ್ ಆ ವರ್ಷದ ನವೆಂಬರಿನಲ್ಲಿ ಬರೆದ ಲೇಖನ ಇದರ ಒಳಯಂತ್ರವನ್ನು ತೋರಿಸಿತು. ಮಕ್ಕಳು ಹುಡುಕುವ ಹೆಸರುಗಳನ್ನೆಲ್ಲ ಶೀರ್ಷಿಕೆಯಲ್ಲಿ ತುರುಕಿದರೆ ಸಾಕು, ಒಂದು ವಿಡಿಯೊ ಮುಗಿದೊಡನೆ ಯಂತ್ರವೇ ಮುಂದಿನದನ್ನು ಹಾಕುತ್ತದೆ. ನೋಡಿದಷ್ಟೂ ಜಾಹೀರಾತಿನ ಹಣ. ಓದಲು ಬಾರದ ಮಗು ಶೀರ್ಷಿಕೆ ನೋಡಿ ಬೇಡವೆನ್ನುವಂತಿಲ್ಲ. ಯೂಟ್ಯೂಬ್ ಐವತ್ತಕ್ಕೂ ಹೆಚ್ಚು ಚಾನೆಲ್ಲುಗಳನ್ನು ಮುಚ್ಚಿತು, ಲಕ್ಷಾಂತರ ವಿಡಿಯೊಗಳಿಂದ ಜಾಹೀರಾತು ತೆಗೆಯಿತು. 2019ರಲ್ಲಿ ಮಕ್ಕಳ ಮಾಹಿತಿಯನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಕಲೆಹಾಕಿದ್ದಕ್ಕೆ ಗೂಗಲ್ ಕಂಪನಿ ಅಮೆರಿಕದಲ್ಲಿ 17 ಕೋಟಿ ಡಾಲರ್ ದಂಡ ತೆತ್ತಿತು. ಇಲ್ಲಿಯೂ ಗುಟ್ಟಿನ ಸಂಘವಿಲ್ಲ, ಸೈತಾನನ ಸಂಚಿಲ್ಲ. ಮಗುವಿನ ಗಮನ ಹಣವಾಗುವ ವ್ಯವಸ್ಥೆ ಇದೆ, ಅಷ್ಟೇ.

ನಮ್ಮಲ್ಲಿ ಥಿಯೇಟರಿಗೆ ಬರುವ ಕಾರ್ಟೂನ್ ಚಿತ್ರ ಸೆನ್ಸಾರ್ ಮಂಡಳಿಯ ಕಣ್ಣು ದಾಟಿಯೇ ಬರಬೇಕು. 2024ರ ನಿಯಮಗಳು ಯುಎ ದರ್ಜೆಯನ್ನು 7, 13, 16 ವರ್ಷಗಳ ಮೂರು ಮೆಟ್ಟಿಲಾಗಿ ಒಡೆದಿವೆ. ಒಟಿಟಿ ಕಂಪನಿಗಳೂ 2021ರ ನಿಯಮಗಳಂತೆ ವಯಸ್ಸಿನ ದರ್ಜೆ ನಮೂದಿಸಬೇಕು. ಯಾರು ಬೇಕಾದರೂ ಏರಿಸಬಹುದಾದ ಯೂಟ್ಯೂಬ್ ವಿಡಿಯೊಗೆ ಈ ಯಾವ ದರ್ಜೆಯೂ ಇಲ್ಲ, ಊಟ ಮಾಡಿಸಲು ಮಗುವಿನ ಕೈಗೆ ಕೊಡುವ ಫೋನಿನಲ್ಲಿ ಓಡುವುದು ಹೆಚ್ಚಾಗಿ ಅದೇ. ಯೂಟ್ಯೂಬ್ ಕಿಡ್ಸ್ ಆ್ಯಪಿನಲ್ಲಿ ಹೆತ್ತವರು ಆರಿಸಿದ ವಿಡಿಯೊ ಮಾತ್ರ ಓಡುವಂತೆ ಮಾಡುವ ಸೆಟ್ಟಿಂಗ್ ಇದೆ, ಆದರೆ ಅದನ್ನು ಒಳಹೊಕ್ಕು ಹುಡುಕಿ ಒತ್ತಬೇಕಾದವರು ಹೆತ್ತವರು. ಕೂಲಿ ಮುಗಿಸಿ ಬಂದು ಅಡುಗೆಗೆ ನಿಂತ ತಾಯಿಯ ಮೇಲೆ ಈ ಹೊರೆ ಹಾಕುವುದು ನ್ಯಾಯವಲ್ಲ. ಚಿಕ್ಕ ಮಕ್ಕಳ ಖಾತೆಯಲ್ಲಿ ಆಯ್ದ ವಿಡಿಯೊ ಮಾತ್ರ ಓಡುವುದು, ಒಂದು ಮುಗಿದ ಮೇಲೆ ಇನ್ನೊಂದು ತಾನಾಗಿ ಶುರುವಾಗದಿರುವುದು ಕಂಪನಿಯೇ ಮೊದಲಿಗೆ ಇಟ್ಟುಕೊಡುವ ಸ್ಥಿತಿಯಾಗಬೇಕು. ಅದಕ್ಕಿಂತ ಹೆಚ್ಚು ಬೇಕೆನ್ನುವವರು ಸೆಟ್ಟಿಂಗ್ ಹುಡುಕಿ ತೆರೆದುಕೊಳ್ಳಲಿ.